ಎಲ್ಲರ ಎರಡನೆಯ ಆಯ್ಕೆ

ವತ್ಸಲಾಳ ಮನೆಯಲ್ಲಿ ಈಗ ನನ್ನ ಹೆಸರು ಎತ್ತುತ್ತಾರೋ ಇಲ್ಲವೋ ಗೊತ್ತಿಲ್ಲ. ಏಳು ವಾರ ಅವಳ ಮನೆಯಲ್ಲಿ ಉಂಡು, ಮಲಗಿ, ಅವಳ ಸ್ವೆಟರುಗಳನ್ನೇ ಹಾಕಿಕೊಂಡು ಓಡಾಡಿ ಬಂದವಳು ನಾನು. ಹೋಗುವಾಗ ಇದ್ದ ಸ್ನೇಹ ಬರುವಾಗ ಇರಲಿಲ್ಲ. ಅಮೆರಿಕ ಹೇಗಿತ್ತು ಎಂದು ಚಿತ್ರದುರ್ಗದಲ್ಲಿ ಕಂಡವರೆಲ್ಲ ಕೇಳುತ್ತಾರೆ. ಚೆನ್ನಾಗಿತ್ತು ಎನ್ನುತ್ತೇನೆ. ರಸ್ತೆ ಬದಿಯಲ್ಲಿ ನಿಂತು ಅದಕ್ಕಿಂತ ಹೆಚ್ಚು ಹೇಳಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕ್ಯಾಂಪ್‌ಬೆಲ್

ವತ್ಸಲಾ ಮತ್ತು ನಾನು ಮೈಸೂರಿನಲ್ಲಿ ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ಓದು ಮುಗಿದ ಮೇಲೆ ನಾನು ಸರ್ಕಾರಿ ಹೈಸ್ಕೂಲು ಸೇರಿ, ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ಅವಳು ರಘುರಾಮನನ್ನು ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಅಲ್ಲಿ ಅವಳಿಗೆ ಮೇಷ್ಟ್ರ ಕೆಲಸ ಸಿಗಲಿಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತಳು. ಶನಿವಾರ ಮಾತ್ರ ಕ್ಯಾಂಪ್‌ಬೆಲ್ಲಿನ ತನ್ನ ಮನೆಯ ಗ್ಯಾರೇಜಿನಲ್ಲಿ ನಾಲ್ಕು ಮಕ್ಕಳನ್ನು ಕೂರಿಸಿಕೊಂಡು ಅ ಆ ಇ ಈ ಹೇಳಿಕೊಟ್ಟಳು. ಆ ಗ್ಯಾರೇಜಿನ ಪಾಠವೇ ಬೆಳೆದು, ಈಗ ಅದು ಕ್ಯುಪರ್ಟಿನೋದ ಒಂದು ಸಭಾಂಗಣದ ಬಾಡಿಗೆ ಕೋಣೆಗಳಲ್ಲಿ ನಡೆಯುವ ಶನಿವಾರದ ಶಾಲೆ. ನಲವತ್ತೆರಡು ಮನೆಗಳ ಮಕ್ಕಳು ಬರುತ್ತಾರೆ. ಫೋನಿನಲ್ಲಿ ಅವಳು ಬೇರೆ ಯಾವುದರ ಬಗ್ಗೆಯೂ ಅಷ್ಟು ಉತ್ಸಾಹದಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ನಾನು ಹೋದದ್ದು ಚುನಾವಣೆಯ ಹೊತ್ತಿಗೆ. ಅಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ರಘುರಾಮ ಅದನ್ನು ಊಟದ ಮೇಜಿನ ಮೇಲೆ, ಉಪ್ಪಿನಕಾಯಿ ಬಾಟಲಿಗಳ ಪಕ್ಕದಲ್ಲಿ ಇಟ್ಟುಕೊಂಡು ನಾಲ್ಕು ದಿನ ತುಂಬಿದ. ದಪ್ಪದೊಂದು ಪುಸ್ತಿಕೆ ಓದುತ್ತಾನೆ, ಒಂದು ಹೆಸರಿನ ಎದುರಿನ ಗೋಲವನ್ನು ಶಾಯಿಯಿಂದ ತುಂಬುತ್ತಾನೆ, ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿ ಬರುತ್ತಾನೆ. ಊರಲ್ಲಿ ಒಂದು ಗುಂಡಿ ಒತ್ತಿ ಬರಲು ನಾವು ಅರ್ಧ ದಿನ ಬಿಸಿಲಲ್ಲಿ ನಿಲ್ಲುತ್ತೇವೆ.

"ಗಂಡ ಹೆಂಡತಿ ಪಕ್ಕಪಕ್ಕ ಕೂತು ಹಾಕಿದರೆ ಅದು ಗುಪ್ತ ಮತದಾನ ಹೇಗಾಗುತ್ತೆ?" ಎಂದು ಕೇಳಿದೆ.

"ಇಲ್ಲಿ ಗುಟ್ಟು ಅಂದ್ರೆ ನೋಡದೇ ಇರೋದಲ್ಲ ಸುಮಿತ್ರಾ. ನೋಡಿದ್ರೂ ಕೇಳದೇ ಇರೋದು," ಎಂದ ರಘುರಾಮ.

ಓಕ್ಲೆಂಡ್

ಒಂದು ಭಾನುವಾರ ರಘುರಾಮನ ಅಕ್ಕನ ಮಗ ಕಾರ್ತಿಕನ ಅಪಾರ್ಟ್‌ಮೆಂಟಿಗೆ ಊಟಕ್ಕೆ ಹೋದೆವು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಮದುವೆಯಾಗಿಲ್ಲ, ಅನ್ನ ಸಾರು ಚೆನ್ನಾಗಿ ಮಾಡುತ್ತಾನೆ. ಅವನ ಅಡುಗೆಮನೆಯ ಕಟ್ಟೆಯ ಮೇಲೂ ಮತಪತ್ರ ಬಿಚ್ಚಿ ಬಿದ್ದಿತ್ತು. ಅದು ಮಾಮೂಲಿ ಹಾಳೆ ಎಂದುಕೊಂಡು ಅದರ ಮೇಲೆ ನಾನು ಕಾಫಿ ಲೋಟ ಇಟ್ಟೆ. ಎತ್ತಿದಾಗ ಒಬ್ಬ ಅಭ್ಯರ್ಥಿಯ ಹೆಸರಿನ ಸುತ್ತ ಕಂದು ಬಣ್ಣದ ಉಂಗುರ ಮೂಡಿತ್ತು. ಗಾಬರಿಯಿಂದ ಸೆರಗಿನಲ್ಲಿ ಒರೆಸಲು ಹೋದೆ. ಎಷ್ಟೋ ಚುನಾವಣೆಗಳಲ್ಲಿ ಡ್ಯೂಟಿ ಮಾಡಿದವಳು ನಾನು.

"ಏನೂ ಆಗಲ್ಲ ಆಂಟಿ, ಕೇಳಿದ್ರೆ ಇನ್ನೊಂದು ಕೊಡ್ತಾರೆ," ಎಂದು ಕಾರ್ತಿಕ ನಕ್ಕ. ಆಮೇಲೆ ಆ ಹಾಳೆಯನ್ನೇ ನನಗೆ ತೋರಿಸಿದ. ಅವನ ಊರಿನಲ್ಲಿ ಮೇಯರನ್ನು ಆರಿಸುವುದಕ್ಕೆ ಒಂದು ಗುರುತು ಹಾಕಿ ಬಿಡುವುದಿಲ್ಲ. ಹೆಸರುಗಳು ಕೆಳಗೆ ಕೆಳಗೆ, ಎದುರಿಗೆ ಗೋಲಗಳ ಸಾಲು. ಮೊದಲ ಆಯ್ಕೆ ಯಾರು, ಎರಡನೆಯದು ಯಾರು, ಮೂರನೆಯದು ಯಾರು ಎಂದು ತುಂಬುತ್ತಾ ಹೋಗಬೇಕು.

"ಕೆಲವರು ಒಬ್ಬನ ಹೆಸರಿಗೇ ಅಷ್ಟೂ ಗೋಲ ತುಂಬ್ತಾರೆ. ಅವನಿಗೆ ಜಾಸ್ತಿ ವೋಟು ಬೀಳುತ್ತೆ ಅಂದ್ಕೊಂಡು. ಒಂದೇ ಲೆಕ್ಕಕ್ಕೆ ಬರೋದು."

ನನಗೆ ಖುಷಿಯಾಯಿತು. ಇದು ನನಗೆ ಗೊತ್ತಿದ್ದ ವಿದ್ಯೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಎಣಿಕೆಗೆ ನಾನು ಮೂರು ಸಲ ಹೋಗಿದ್ದೇನೆ. ಅಲ್ಲೂ ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಬರೆಯಬೇಕು. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಪೆನ್ನಿನಲ್ಲೇ ಬರೆಯಬೇಕು. ಡಿಗ್ರಿ ಮಾಡಿದವರೇ ಮತದಾರರಾದರೂ ಕೆಲವರು ಸರಿ ಗುರುತು ಹಾಕುತ್ತಾರೆ, ಕೆಲವರು ಸಹಿ ಮಾಡುತ್ತಾರೆ, ಇನ್ನು ಕೆಲವರು ಅಭ್ಯರ್ಥಿಗೆ ಬುದ್ಧಿಮಾತು ಬರೆಯುತ್ತಾರೆ. ಎಲ್ಲವೂ ತಿರಸ್ಕೃತ. ಇದನ್ನೆಲ್ಲ ಊಟ ಮುಗಿಯುವವರೆಗೂ ಹೇಳಿದೆ. ವತ್ಸಲಾ ಹೆಮ್ಮೆಯಿಂದ ಕೇಳುತ್ತಿದ್ದಳು. ಬರುವಾಗ ಕಾರಿನಲ್ಲಿ, "ನಮ್ಮ ಶಾಲೆಗೂ ಈ ಸಲ ಎಲೆಕ್ಷನ್ನು ಕಣೆ. ನೀನೇ ಬಂದು ನಡೆಸಿಕೊಡು," ಎಂದಳು.

ಕ್ಯುಪರ್ಟಿನೋ, ಮೊದಲನೆಯ ಶನಿವಾರ

ಇಷ್ಟು ವರ್ಷ ಶಾಲೆಗೆ ಮುಖ್ಯಸ್ಥರನ್ನು ಆರಿಸುವ ಪ್ರಶ್ನೆಯೇ ಬಂದಿರಲಿಲ್ಲ. ವತ್ಸಲಾ ಇದ್ದಳು, ಅಷ್ಟೇ. ಈಗ ತಂದೆತಾಯಂದಿರು ಸಮಿತಿ ಮಾಡಿಕೊಂಡಿದ್ದರು. ಮುಖ್ಯಸ್ಥರ ಜಾಗಕ್ಕೆ ಮೂವರು ನಿಂತಿದ್ದರು.

ಒಬ್ಬ ನಿತಿನ್, ಬೆಂಗಳೂರಿನ ಹುಡುಗ, ಇಂಜಿನಿಯರು. ಪರೀಕ್ಷೆ, ಪಠ್ಯಕ್ರಮ ಎಲ್ಲ ಬಿಗಿ ಮಾಡಿ, ಇಲ್ಲಿ ಕಲಿತ ಕನ್ನಡಕ್ಕೆ ಮಕ್ಕಳ ಹೈಸ್ಕೂಲಿನಲ್ಲಿ ಅಂಕ ಸಿಗುವ ಹಾಗೆ ಮಾಡಬೇಕು ಎನ್ನುವುದು ಅವನ ಹಟ. ಇನ್ನೊಬ್ಬಳು ದೀಪಾ. ಹಾಡು, ನಾಟಕ, ಕುಣಿತ ಇರಲಿ, ಮಕ್ಕಳು ನಗುತ್ತಾ ಬರಲಿ, ಬರೆಯುವುದು ಆಮೇಲೆ ನೋಡೋಣ ಎನ್ನುವವಳು. ದೀಪಾ ವತ್ಸಲಾಳ ಮನೆಗೆ ಮಗಳ ಹಾಗೆ ಬಂದು ಹೋಗುತ್ತಿದ್ದಳು. ಅವಳ ಬಾಣಂತನದಲ್ಲಿ ಎರಡು ತಿಂಗಳು ವತ್ಸಲಾಳೇ ಸಾರು ಅನ್ನ ಹೊತ್ತುಕೊಂಡು ಹೋಗಿದ್ದಳಂತೆ. ಮೂರನೆಯವಳು ವತ್ಸಲಾ. ನಿತಿನ್ ಕಡೆಯವರಿಗೂ ದೀಪಾ ಕಡೆಯವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ. ವತ್ಸಲಾಳನ್ನು ಕಂಡರೆ ಇಬ್ಬರಿಗೂ ಗೌರವ.

ಮನೆಗೊಂದು ಮತ, ವತ್ಸಲಾಳ ಮನೆಗೂ ಒಂದು ಎಂದು ಮೊದಲೇ ಒಪ್ಪಿಕೊಂಡಿದ್ದರು. ಮತ ಹೇಗೆ ಹಾಕಬೇಕು ಎನ್ನುವುದಕ್ಕೆ ಆ ಶನಿವಾರ ಸಭೆ. ನಿತಿನ್ ಎದ್ದು, "ಸಿಂಪಲ್ಲಾಗಿ ಮಾಡೋಣ. ಒಂದು ಟಿಕ್ಕು, ಯಾರಿಗೆ ಜಾಸ್ತಿ ಬರುತ್ತೋ ಅವರು," ಎಂದ. ಮೂವರು ನಿಂತಾಗ ಅದು ನ್ಯಾಯವಲ್ಲ ಎಂದು ಕೆಲವರು ತಕರಾರು ತೆಗೆದರು. ವತ್ಸಲಾ ಕಾರ್ತಿಕನನ್ನು ಕರೆಸಿದ್ದಳು. ಅವನು ಬೋರ್ಡಿನ ಮೇಲೆ ಇನ್ನೆರಡು ದಾರಿ ಬರೆದು ತೋರಿಸಿದ. ಎರಡರಲ್ಲೂ ಚೀಟಿ ಒಂದೇ, ಮೂವರಿಗೂ ಒಂದು ಎರಡು ಮೂರು ಎಂದು ಬರೆಯಬೇಕು. ವ್ಯತ್ಯಾಸ ಎಣಿಸುವುದರಲ್ಲಿ. ಮೊದಲ ದಾರಿಯಲ್ಲಿ ಅಂಕ: ಮೊದಲ ಆಯ್ಕೆಗೆ ಎರಡು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಸೊನ್ನೆ, ಕೂಡಿಸಿ ನೋಡುವುದು. ಇನ್ನೊಂದರಲ್ಲಿ, ಮೊದಲ ಆಯ್ಕೆಗಳನ್ನು ಎಣಿಸಿ, ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕಡಿಮೆ ಬಂದವರನ್ನು ಹೊರಗಿಟ್ಟು, ಅವರ ಚೀಟಿಗಳನ್ನು ಎರಡನೆಯ ಆಯ್ಕೆಯಂತೆ ಉಳಿದಿಬ್ಬರಿಗೆ ಹಂಚುವುದು.

"ನನಗೆ ಅಂಕದ್ದೇ ಇಲ್ಲಿಗೆ ಸರಿ ಅನ್ಸುತ್ತೆ," ಎಂದ ಕಾರ್ತಿಕ.

ಆಗ ಯಾರೋ, "ಆಂಟಿ, ಊರಲ್ಲಿ ನೀವು ಇದನ್ನೆಲ್ಲ ಮಾಡಿದೀರಂತೆ. ನೀವೇನಂತೀರಾ?" ಎಂದರು.

ನಾನು ಎದ್ದು ನಿಂತೆ. ಕೂತಿದ್ದರೆ ಆಗುತ್ತಿತ್ತು. ನಿವೃತ್ತಿಯಾದ ಮೇಲೆ ಅಷ್ಟು ಜನ ನನ್ನ ಮಾತಿಗೆ ಕಾದು ಕೂತಿದ್ದು ಅದೇ ಮೊದಲು. ಕಾಲು ಗಂಟೆ ಮಾತಾಡಿದೆ. ಅಂಕ ಇಟ್ಟರೆ ಜನ ಕಳ್ಳಾಟ ಆಡುತ್ತಾರೆ, ಬೇಡದವರನ್ನು ಬೇಕೆಂದೇ ಕೊನೆಗೆ ತಳ್ಳುತ್ತಾರೆ ಎಂದೆ. ಕಡಿಮೆ ಬಂದವರನ್ನು ಹೊರಗಿಡುವುದೇ ನಮ್ಮಲ್ಲಿ ಇಷ್ಟು ವರ್ಷದಿಂದ ನಡೆದು ಬಂದ ಕ್ರಮ ಎಂದೆ. ಚೀಟಿ ಎಣಿಸುವವರು ಕಂಡದ್ದನ್ನು ಸಾಯುವವರೆಗೂ ಬಾಯಿ ಬಿಡಬಾರದು ಎನ್ನುವುದನ್ನೂ ಸೇರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ವತ್ಸಲಾ. ನನ್ನ ಮಾತೇ ಗೆದ್ದಿತು.

ಕ್ಯುಪರ್ಟಿನೋ, ಎರಡನೆಯ ಶನಿವಾರ

ನಲವತ್ತಮೂರು ಚೀಟಿ ಬಂದವು. ಕಾರ್ತಿಕನೂ ನಾನೂ ಒಂದು ಸಣ್ಣ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಇಬ್ಬರಿಗೂ ಅಲ್ಲಿ ಮತವಿಲ್ಲ, ಇಬ್ಬರ ಮೇಲೂ ನಂಬಿಕೆಯಿದೆ ಎಂದು ನಿತಿನ್ ಮತ್ತು ದೀಪಾ ಒಳಗೆ ತಮ್ಮ ಕಡೆಯವರನ್ನೂ ಕಳಿಸಲಿಲ್ಲ. ಹೊರಗೆ ಬಿಸಿಬೇಳೆಬಾತಿನ ವಾಸನೆ, ಮಕ್ಕಳ ಗಲಾಟೆ.

ಇಂಜಿನಿಯರುಗಳೂ ಡಾಕ್ಟರುಗಳೂ ನಮ್ಮ ಪದವೀಧರರಿಗಿಂತ ಬೇರೆಯಲ್ಲ. ಒಂದು ಚೀಟಿಯಲ್ಲಿ ಮೂವರಿಗೂ ಸರಿ ಗುರುತು. ಇನ್ನೊಂದರಲ್ಲಿ ನಿತಿನ್‌ಗೂ ಒಂದು, ದೀಪಾಳಿಗೂ ಒಂದು, ಬೇರೆ ಬೇರೆ ಬಣ್ಣದ ಶಾಯಿಯಲ್ಲಿ. ಮನೆಗೊಂದು ಮತ ಎಂದಾಗ ಆ ಮನೆಯಲ್ಲಿ ಏನು ನಡೆದಿರಬೇಕು ಎಂದು ಊಹಿಸಿ ಇಬ್ಬರೂ ನಕ್ಕೆವು. ಅವೆರಡನ್ನೂ ತಿರಸ್ಕರಿಸಿದೆವು. ಉಳಿದದ್ದು ನಲವತ್ತೊಂದು. ಗೆಲ್ಲಲು ಇಪ್ಪತ್ತೊಂದು ಬೇಕು.

ಒಂದೊಂದೇ ಬಿಡಿಸಿ ಮೂರು ಕಟ್ಟು ಮಾಡುತ್ತಾ ಹೋದೆ. ನಡುವೆ ಒಂದು ಚೀಟಿ ಬಂತು. ಅದರಲ್ಲಿ ಮಾತ್ರ ಕನ್ನಡ ಅಂಕಿಗಳಿದ್ದವು. ದೀಪಾಳ ಹೆಸರಿನ ಮುಂದೆ ೧. ವತ್ಸಲಾಳ ಹೆಸರಿನ ಮುಂದೆ ೨. ನಿತಿನ್ ಮುಂದೆ ೩. ಆ ಮೂರರ ಬಾಲವನ್ನು ನಾನು ಹಾಸ್ಟೆಲಿನ ದಿನಗಳಿಂದ ಬಲ್ಲೆ. ಕನ್ನಡ ಕಲಿಸುವ ಶಾಲೆಯ ನಲವತ್ತಮೂರು ಮನೆಗಳಲ್ಲಿ ಕನ್ನಡ ಅಂಕಿ ಬರೆದಿದ್ದವಳು ಅವಳೊಬ್ಬಳೇ. ಕಾರ್ತಿಕನೂ ನೋಡಿದ. ಅದನ್ನು ದೀಪಾಳ ಕಟ್ಟಿಗೆ ಇಟ್ಟೆ.

ನಿತಿನ್‌ಗೆ ಹದಿನಾರು. ದೀಪಾಳಿಗೆ ಹದಿಮೂರು. ವತ್ಸಲಾಳಿಗೆ ಹನ್ನೆರಡು.

ನಾನು ಮತ್ತೆ ಎಣಿಸಿದೆ. ಹನ್ನೆರಡೇ. ನನ್ನ ಕ್ರಮದ ಪ್ರಕಾರ ಮೊದಲು ಹೊರಗೆ ಹೋಗಬೇಕಾದವಳು ವತ್ಸಲಾ. ಅವಳ ಹನ್ನೆರಡು ಚೀಟಿಗಳಲ್ಲಿ ಎರಡನೆಯ ಆಯ್ಕೆ ನೋಡಿದೆವು. ನಾಲ್ಕು ನಿತಿನ್‌ಗೆ, ಎಂಟು ದೀಪಾಳಿಗೆ. ಇಪ್ಪತ್ತು, ಇಪ್ಪತ್ತೊಂದು. ದೀಪಾ ಗೆದ್ದಳು.

ಕಾರ್ತಿಕ ಇನ್ನೊಂದು ಹಾಳೆಯಲ್ಲಿ ಏನೋ ಗೀಚುತ್ತಿದ್ದ. ಆಮೇಲೆ ಅದನ್ನು ನನ್ನ ಕಡೆ ತಿರುಗಿಸಿದ. ನಿತಿನ್‌ಗೆ ಹಾಕಿದವರಲ್ಲಿ ಇಬ್ಬರನ್ನು ಬಿಟ್ಟು ಎಲ್ಲರೂ ವತ್ಸಲಾಳನ್ನು ಎರಡನೆಯವಳು ಎಂದು ಬರೆದಿದ್ದರು. ದೀಪಾಳಿಗೆ ಹಾಕಿದವರಲ್ಲೂ ಒಬ್ಬರನ್ನು ಬಿಟ್ಟು ಎಲ್ಲರೂ.

"ಟಿಕ್ಕಾಗಿದ್ರೆ ನಿತಿನ್. ಅಂಕ ಆಗಿದ್ರೆ ಅತ್ತೆ, ಅದೂ ತುಂಬಾ ಮುಂದೆ. ಇಬ್ಬರಿಬ್ಬರನ್ನೇ ನಿಲ್ಲಿಸಿದ್ರೂ ಅತ್ತೆ ಇಬ್ಬರನ್ನೂ ಸೋಲಿಸ್ತಿದ್ರು. ಇದೇ ಚೀಟಿಗಳು ಆಂಟಿ. ಒಂದಕ್ಷರ ಬದಲಾಗಿಲ್ಲ."

ನಾನು ವತ್ಸಲಾಳ ಹನ್ನೆರಡು ಚೀಟಿಗಳನ್ನು ಮತ್ತೆ ಜೋಡಿಸಿಟ್ಟೆ.

"ನಿಮ್ಮ ತಪ್ಪಲ್ಲ. ಅಂಕ ಅಂತ ಗೊತ್ತಿದ್ದಿದ್ರೆ ಜನ ಬೇರೆ ಥರ ಬರೀತಿದ್ರೋ ಏನೋ. ಯಾವ ಪದ್ಧತಿ ತಗೊಂಡ್ರೂ ಎಲ್ಲೋ ಒಂದು ಕಡೆ ತೂತು ಇದ್ದೇ ಇರುತ್ತೆ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಆದರೆ ಆ ತೂತನ್ನು ಆರಿಸಿಕೊಟ್ಟವಳು ನಾನು. ಹೊರಗೆ ಹೋಗಿ ಹೆಡ್‌ಮಿಸ್ಟ್ರೆಸ್ಸಿನ ದನಿಯಲ್ಲಿ ಸಂಖ್ಯೆಗಳನ್ನು ಓದಿದೆ. ದೀಪಾ ಓಡಿ ಬಂದು ವತ್ಸಲಾಳ ಕಾಲಿಗೆ ನಮಸ್ಕಾರ ಮಾಡಿದಳು. ವತ್ಸಲಾ ಅವಳ ತಲೆ ಮುಟ್ಟಿದಳು. ಆದರೆ ಅವಳ ಕಣ್ಣು ಬೋರ್ಡಿನ ಮೇಲೆ ನಾನು ಬರೆದ ಹದಿಮೂರು ಮತ್ತು ಹನ್ನೆರಡರ ಮೇಲಿತ್ತು.

ಫ್ರೀವೇ

ವಾಪಸು ಬರುವಾಗ ಅವಳೇ ಕಾರು ಓಡಿಸಿದಳು. ರಘುರಾಮ ಮನೆಯಲ್ಲೇ ಇದ್ದ. ಕಾರಿನಲ್ಲಿ ನಾವಿಬ್ಬರೇ. ಶನಿವಾರವಾದರೂ ಮುಂದೆ ಎಲ್ಲೋ ಅಪಘಾತವಾಗಿ ವಾಹನಗಳು ನಿಂತುಬಿಟ್ಟಿದ್ದವು. ನಮ್ಮ ಕಡೆಯಾಗಿದ್ದರೆ ಅಷ್ಟು ಹೊತ್ತಿಗೆ ನಾಲ್ಕು ಜನ ಇಳಿದು ವಿಚಾರಿಸಿ ಬರುತ್ತಿದ್ದರು, ಹಾರನ್ ಕಿತ್ತುಹೋಗುತ್ತಿತ್ತು. ಇಲ್ಲಿ ಎಲ್ಲರೂ ಗಾಜು ಏರಿಸಿಕೊಂಡು ತಮ್ಮ ತಮ್ಮ ಡಬ್ಬಿಯಲ್ಲಿ ಕೂತಿದ್ದರು. ನಾವೂ ಕೂತೆವು.

"ಕಾರ್ತಿಕ ಅಂಕದ್ದು ಸರಿ ಅಂದ," ಎಂದಳು ವತ್ಸಲಾ, ಮುಂದೆ ನೋಡುತ್ತಲೇ. "ನೀನು ಎದ್ದು ಭಾಷಣ ಮಾಡಿದೆ."

"ನನಗೆ ಗೊತ್ತಿದ್ದದ್ದು ಹೇಳಿದೆ ಕಣೆ. ಯಾರಿಗೆ ಎಷ್ಟು ಬರುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?"

"ಆಗ ನೀನು ಊರಿಂದ ಬಂದು ಎರಡು ವಾರವೂ ಆಗಿರಲಿಲ್ಲ. ನನ್ನ ಶಾಲೆ ಹೇಗಿದೆ, ಯಾರ್ಯಾರು ಹೇಗೆ, ನಿನಗೇನು ಗೊತ್ತು? ನಿನಗೆ ನಿನ್ನ ನೇರಳೆ ಪೆನ್ನಿನ ಕಥೆ ಹೇಳಬೇಕಿತ್ತು."

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಉರಿಯಿತು. ಸಿಟ್ಟಿನಲ್ಲಿ, "ನಿನಗೆ ನೀನೇ ಒಂದು ಹಾಕಿಕೊಳ್ಳದಿದ್ದರೆ ಬೇರೆಯವರು ಯಾಕೆ ಹಾಕಬೇಕು?" ಎಂದುಬಿಟ್ಟೆ.

ಹಿಂದಿನ ಶನಿವಾರವಷ್ಟೇ ಅಷ್ಟು ಜನರ ಮುಂದೆ ನಾನೇ ಹೇಳಿದ ಮಾತನ್ನು ನಾನೇ ಮುರಿದಿದ್ದೆ.

"ನನ್ನ ಚೀಟಿ ಗುರುತು ಹಿಡಿದೆಯಾ?"

"ಕನ್ನಡ ಅಂಕಿ ಬರೆದವಳು ನೀನೊಬ್ಬಳೇ."

ವಾಹನಗಳು ಇಷ್ಟಿಷ್ಟೇ ಸರಿಯತೊಡಗಿದವು. ಆಮೇಲೆ ಹೇಳಿದಳು. ಹಿಂದಿನ ಬುಧವಾರ ದೀಪಾ ಮನೆಗೆ ಬಂದಿದ್ದಳಂತೆ. ನಾನು ಆಗ ರಘುರಾಮನ ಜೊತೆ ಗ್ರೋಸರಿಗೆ ಹೋಗಿದ್ದೆ. ನಮಗೆ ನಾವೇ ಒಂದು ಹಾಕಿಕೊಳ್ಳುವುದು ಚೆನ್ನಾಗಿರಲ್ಲ ಆಂಟಿ, ನೀವು ನನಗೆ ಹಾಕಿ, ನಾನು ನಿಮಗೆ ಹಾಕುತ್ತೇನೆ, ಯಾರು ಗೆದ್ದರೂ ನಮ್ಮ ಮಧ್ಯೆ ಮನಸ್ತಾಪ ಬೇಡ ಎಂದಿದ್ದಳಂತೆ. ವತ್ಸಲಾಳಿಗೆ ಅದು ಮರ್ಯಾದೆಯ ಮಾತು ಎನಿಸಿ, ಆಗಲಿ ಎಂದಿದ್ದಳು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ದೀಪಾ ಮಾತು ಉಳಿಸಿಕೊಂಡಿದ್ದರೆ ಕೊಟ್ಟದ್ದಕ್ಕೂ ತಗೊಂಡದ್ದಕ್ಕೂ ಸರಿಹೋಯಿತು, ಹೇಗಿದ್ದರೂ ಹದಿಮೂರು, ಹನ್ನೆರಡೇ. ಉಳಿಸಿಕೊಂಡಿಲ್ಲದಿದ್ದರೆ, ಈ ಒಪ್ಪಂದವಿಲ್ಲದೆ ವತ್ಸಲಾ ತನಗೆ ತಾನೇ ಹಾಕಿಕೊಂಡಿದ್ದರೆ, ಹದಿಮೂರು ಅವಳದಾಗಿ ಹನ್ನೆರಡು ದೀಪಾಳದಾಗುತ್ತಿತ್ತು. ಹೊರಗೆ ಹೋಗುವವಳು ದೀಪಾ. ಅವಳ ಚೀಟಿಗಳೆಲ್ಲ ಹೆಚ್ಚುಕಡಿಮೆ ವತ್ಸಲಾಳಿಗೇ ಬರುತ್ತಿದ್ದವು. ನನ್ನ ಪದ್ಧತಿಯಲ್ಲೂ ಗೆಲ್ಲುತ್ತಿದ್ದಳು.

ಅವಳೂ ಅದನ್ನೇ ಲೆಕ್ಕ ಹಾಕಿದ್ದಳು. "ಅವಳು ನನಗೆ ಹಾಕಿದ್ದಳಾ?" ಎಂದು ಕೇಳಿದಳು. "ಎಲ್ಲ ಚೀಟಿ ನೀನು ನೋಡಿದೀಯ. ಹೇಳು."

"ಗೊತ್ತಿಲ್ಲ ವತ್ಸಲಾ. ಅವಳ ಅಕ್ಷರ ನನಗೆ ಗೊತ್ತಿಲ್ಲ. ನಿನಗೆ ಒಂದು, ಅವಳಿಗೆ ಎರಡು ಅಂತ ಎಂಟು ಚೀಟಿ ಇದ್ದವು. ಅದರಲ್ಲಿ ಅವಳದೂ ಇರಬಹುದು, ಇಲ್ಲದೆಯೂ ಇರಬಹುದು."

"ನನ್ನದು ಗೊತ್ತಾಯಿತು. ಅವಳದು ಗೊತ್ತಾಗಲಿಲ್ಲ."

"ಆಣೆ ಮಾಡಿ ಹೇಳ್ತೀನಿ."

"ಬೇಡ ಬಿಡು. ಯಾರಿಗೂ ಹೇಳಲ್ಲ ಅಂತಲೂ ನೀನು ಅಷ್ಟು ಜನರ ಮುಂದೆ ಹೇಳಿದ್ದೆ."

ಮತ್ತೆ ಕ್ಯಾಂಪ್‌ಬೆಲ್

ಮೂರನೆಯ ದಿನ ದೀಪಾ ಮಗಳನ್ನು ಕರೆದುಕೊಂಡು ಬಂದಳು. ಮನೆಯಲ್ಲೇ ಮಾಡಿದ ಕೊಬ್ಬರಿ ಮಿಠಾಯಿ ತಂದಿದ್ದಳು. ಶಾಲೆಯ ಹಾಜರಿ ಪುಸ್ತಕಗಳು, ಬೀಗದ ಕೈ, ತಂದೆತಾಯಂದಿರ ವಾಟ್ಸಾಪ್ ಗುಂಪಿನ ಜವಾಬ್ದಾರಿ, ಎಲ್ಲವನ್ನೂ ವತ್ಸಲಾ ಮೊದಲೇ ತೆಗೆದಿಟ್ಟಿದ್ದಳು. ಒಂದೊಂದೇ ವಿವರಿಸಿ ಕೊಟ್ಟಳು.

"ಆಂಟಿ, ನೀವು ಪುಟ್ಟ ಮಕ್ಕಳ ಬ್ಯಾಚು ತಗೊಳ್ಳಿ. ನಿಮ್ಮಷ್ಟು ತಾಳ್ಮೆ ಇನ್ಯಾರಿಗೂ ಇಲ್ಲ," ಎಂದಳು ದೀಪಾ. ದೊಡ್ಡ ಮಕ್ಕಳಿಗೆ ಓದು ಬರಹ ಕಲಿಸುತ್ತಿದ್ದವಳನ್ನು ಅ ಆ ಇ ಈ ತಿದ್ದಿಸಲು ಕಳಿಸುತ್ತಿದ್ದಳು.

ಅವಳ ಮಗಳಿಗೆ ಏಳೆಂಟು ವರ್ಷವಿರಬಹುದು. ವತ್ಸಲಾ ಅವಳಿಗೆ ಮಿಠಾಯಿ ಕೊಟ್ಟು, "ಶನಿವಾರ ಬರ್ತೀಯಾ ಪುಟ್ಟಿ?" ಎಂದಳು. ಮಗು, "ಯಾ, ಬಟ್ ನೋ ಮೋರ್ ಕಾಪಿ ರೈಟಿಂಗ್, ಮಾಮ್ ಸೆಡ್," ಎಂದಿತು. ದೀಪಾ ನಗುತ್ತಾ ಮಗುವಿನ ಬಾಯಿ ಮುಚ್ಚಿದಳು.

ಚೀಟಿಯ ಮಾತನ್ನು ದೀಪಾ ಎತ್ತಲಿಲ್ಲ. ನಾನು ಮಾತು ಉಳಿಸಿಕೊಂಡೆ ಆಂಟಿ ಎಂದು ಒಂದು ಮಾತು ಅನ್ನಬಹುದಾಗಿತ್ತು. ಅನ್ನದೇ ಇರುವುದೇ ಸಭ್ಯತೆ ಎಂದುಕೊಂಡಿದ್ದಳೋ, ಅನ್ನಲು ಏನೂ ಇರಲಿಲ್ಲವೋ. ವತ್ಸಲಾಳೂ ಕೇಳಲಿಲ್ಲ. ದೀಪಾ ಕಾರು ಹತ್ತುವಾಗ ನಾನೇ ಕೇಳಿಬಿಡಲೇ ಎಂದು ಬಾಗಿಲವರೆಗೆ ಹೋದೆ. ವತ್ಸಲಾ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡಳು. ಆ ಹಿಡಿತದಲ್ಲಿ ಪ್ರೀತಿಯೇನೂ ಇರಲಿಲ್ಲ.

ಆ ಶನಿವಾರ ಅವಳು ಪುಟ್ಟ ಮಕ್ಕಳಿಗೆ ಕಲಿಸಲು ಹೋದಳು. ನಾನೂ ಹೋದೆ. ಮಕ್ಕಳ ಕುರ್ಚಿ ತಗ್ಗು. ಅವಳ ಮೊಣಕಾಲು ನೋವು. ಏಳುವಾಗ ಮೇಜು ಹಿಡಿದುಕೊಂಡು ಏಳುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಹಾಡು ಹಾಕಿದ್ದರು, ನೆಲ ಅದುರುತ್ತಿತ್ತು. ಅರ್ಧ ತರಗತಿಯಾದ ಮೇಲೆ ಮಕ್ಕಳು ಒಬ್ಬೊಬ್ಬರಾಗಿ ಅಲ್ಲಿಗೆ ಜಾರಿದರು. ಮೂವರು ಉಳಿದರು. ಆ ಮೂವರಿಗೆ ಅವಳು ಕೊನೆಯವರೆಗೂ ಪಾಠ ಮಾಡಿದಳು. ಹೊರಗೆ ಬರುವಾಗ ನಿತಿನ್ ಎದುರಾಗಿ, "ಆಂಟಿ, ನನ್ನ ಸೆಕೆಂಡ್ ಚಾಯ್ಸ್ ನೀವೇ ಆಗಿದ್ರಿ, ಗಾಡ್ ಪ್ರಾಮಿಸ್," ಎಂದ. ಆಮೇಲೆ ಇನ್ನಿಬ್ಬರು ತಾಯಂದಿರೂ ಅದನ್ನೇ ಹೇಳಿದರು. ಎಲ್ಲರಿಗೂ ಅವಳು ಥ್ಯಾಂಕ್ಸ್ ಎಂದಳು. ಮುಂದಿನ ಶನಿವಾರದಿಂದ ಅವಳು ಹೋಗಲಿಲ್ಲ.

ಉಳಿದ ವಾರಗಳಲ್ಲಿ ನನಗೆ ತಿಂಡಿ ತಪ್ಪಲಿಲ್ಲ, ಊಟ ತಪ್ಪಲಿಲ್ಲ. ಸಮುದ್ರ ತೋರಿಸಿದರು, ಮುಗಿಲೆತ್ತರದ ಮರಗಳನ್ನು ತೋರಿಸಿದರು. ವತ್ಸಲಾ ನನ್ನ ಜೊತೆ ಮಾತು ಬಿಟ್ಟಿರಲಿಲ್ಲ. ಸಕ್ಕರೆ ಸಾಕಾ, ಚಳಿ ಆಗುತ್ತಾ, ಸ್ನಾನಕ್ಕೆ ಬಿಸಿನೀರು ಬಂತಾ. ಬೇರೆಯವರ ಮನೆಯ ನೆಂಟರಿಗೆ ಕೇಳುವುದನ್ನೆಲ್ಲ ಕೇಳುತ್ತಿದ್ದಳು. ನಾನು ಎರಡು ಸಲ ಕ್ಷಮೆ ಕೇಳಿದೆ. ಮೊದಲ ಸಲ, "ಅದೇನಿದೆ ಬಿಡೆ," ಎಂದಳು. ಎರಡನೆಯ ಸಲ ಕುಕ್ಕರಿನ ಸೀಟಿಗೆ ಕೇಳಿಸಲಿಲ್ಲವೆಂಬಂತೆ ಇದ್ದಳು.

ವಿಮಾನ ನಿಲ್ದಾಣ

ಹೊರಡುವ ದಿನ ರಘುರಾಮನೊಬ್ಬನೇ ಬರುತ್ತಾನೆ ಎಂದುಕೊಂಡಿದ್ದೆ. ಕೊನೆಯ ಗಳಿಗೆಯಲ್ಲಿ ಅವಳೂ ಬಂದು ಹಿಂದಿನ ಸೀಟಿನಲ್ಲಿ ಕೂತಳು. ದಾರಿಗೆಂದು ಚಪಾತಿ ಪಲ್ಯ ಕಟ್ಟಿ ತಂದಿದ್ದಳು. ನನ್ನ ಪೆಟ್ಟಿಗೆ ಎರಡು ಕೆ.ಜಿ. ಹೆಚ್ಚಾಗಿ, ಎಲ್ಲರೆದುರು ನೆಲದ ಮೇಲೆ ಬಿಚ್ಚಬೇಕಾಯಿತು. ಅವಳು ಕೂತು, ನನ್ನ ಸೀರೆಗಳ ನಡುವಿನಿಂದ ಅವಳೇ ಕೊಟ್ಟಿದ್ದ ಬಾದಾಮಿ ಪೊಟ್ಟಣಗಳನ್ನು ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಪೆಟ್ಟಿಗೆಯ ಜಿಪ್ಪು ಎಳೆದು, ಮೊಣಕಾಲು ಹಿಡಿದುಕೊಂಡು ಎದ್ದಳು.

ತಪಾಸಣೆಯ ಸಾಲಿನವರೆಗೆ ಜೊತೆಗೆ ಬಂದಳು. ಅಲ್ಲಿ ನನ್ನನ್ನು ಒಮ್ಮೆ ತಬ್ಬಿಕೊಂಡಳು, ಬೇಗ ಬಿಟ್ಟಳು.

"ಇನ್ನೊಂದು ಸಲ ಬಂದರೆ ಬರೀ ಊರು ನೋಡಿಕೊಂಡು ಹೋಗು, ಸುಮಿತ್ರಾ," ಎಂದಳು.

ನಾನು ಹೂಂ ಎಂದೆ. ಸಾಲು ಮುಂದೆ ಸರಿಯಿತು.